ತೂಬಿನ ಬೆನ್ನಿಗೆ ಮೆತ್ತಿದ ಕೈ

"ನೀರು ಅಂದ್ರೆ ನನಗೆ ತಾಯಿ ಇದ್ದ ಹಾಗೆ ಮೇಡಂ," ಎಂದರು ಅಧ್ಯಕ್ಷರು, ತಿರುಗುವ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿಕೊಂಡು.

ಇನ್ಸ್‌ಪೆಕ್ಟರ್ ಮೂಲೆಯಲ್ಲಿ ಬೋರಲಾಗಿ ನಿಂತಿದ್ದ ಕುಡಿಯುವ ನೀರಿನ ಕ್ಯಾನನ್ನು ನೋಡಿದಳು. ಅದರಲ್ಲಿ ತೊಟ್ಟು ನೀರಿರಲಿಲ್ಲ. ನೀರು ಬಳಕೆದಾರರ ಸಂಘದ ಕಚೇರಿ ಇದು. ಬಾಯಾರಿ ಬಂದವನಿಗೆ ಒಂದು ಲೋಟ ನೀರಿಗೆ ಗತಿಯಿಲ್ಲ, ಗೋಡೆಯ ತುಂಬ ಮಾತ್ರ ನೀರಿನ ಮೇಲೆ ನುಡಿಮುತ್ತುಗಳು. ಅವುಗಳ ನಡುವೆ ಅಧ್ಯಕ್ಷರದೇ ದೊಡ್ಡ ಫೋಟೊ: ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಸಲಿಕೆ. ಸಲಿಕೆಯ ಹಿಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಇಟ್ಟಿದ್ದ ಹೆಸರು ಚಿಮಟ. ಹಿಡಿದದ್ದನ್ನು ಬಿಡುವುದಿಲ್ಲ ಎಂದು ಕೆಲವರು, ಹಿಡಿದ ಕಡೆ ನೋಯುತ್ತದೆ ಎಂದು ಇನ್ನು ಕೆಲವರು. ಅವಳಿಗೆ ಆ ಹೆಸರು ಗೊತ್ತಿತ್ತು, ಒಳಗೊಳಗೇ ಇಷ್ಟವೂ ಇತ್ತು.

"ತಾಯಿ ವಿಷಯ ಆಮೇಲೆ ಮಾತಾಡೋಣ. ಮೊನ್ನೆ ಬೆಳಗಿನ ಜಾವ ಎಲ್ಲಿದ್ರಿ?"

"ಮಲಗಿದ್ದೆ. ರೈತ ಅಲ್ವಾ ಮೇಡಂ, ದುಡಿದ ಮೈ. ತಲೆ ಇಟ್ಟ ಕೂಡಲೇ ನಿದ್ದೆ."

ದುಡಿದ ಮೈ ಅಂಗಿಯ ಗುಂಡಿಗಳ ನಡುವಿನಿಂದ ಇಣುಕುತ್ತಿತ್ತು. ಇಂಥವರನ್ನು ಅವಳು ಎಷ್ಟು ಕಂಡಿರಲಿಲ್ಲ! ಬಾಯಿ ತೆರೆದರೆ ಮಣ್ಣಿನ ಮಗ, ಬಾಯಿ ಮುಚ್ಚಿದರೆ ಪಕ್ಕದವನ ಪಾಲಿನ ನೀರು ಇವನ ಗದ್ದೆಯಲ್ಲಿ.

ಮೊನ್ನೆ ಬೆಳಗ್ಗೆ ಏಳನೇ ತೂಬಿನ ಕೆಳಗಿನ ಗುಂಡಿಯಲ್ಲಿ ನೀರುಗಂಟಿ ಸತ್ತು ಬಿದ್ದಿದ್ದ. ತೂಬಿನ ಬಾಗಿಲು ತೆರೆದು ಮುಚ್ಚಿ, ಹೊಲಹೊಲಕ್ಕೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಬಾಗಿಲು ಮುಚ್ಚಿ ಮೇಲೆ ಹತ್ತುವಾಗ ಪಾಚಿಯ ಮೇಲೆ ಕಾಲು ಜಾರಿ ಕಲ್ಲಿಗೆ ತಲೆ ಬಡಿಯಿತು ಎಂದು ಊರೆಲ್ಲ ಹೇಳಿತು. ಗಾಯ ಕಲ್ಲಿನದಲ್ಲ, ತೂಬಿನ ಚಕ್ರ ತಿರುಗಿಸುವ ಕಬ್ಬಿಣದ ಹ್ಯಾಂಡಲ್‌ನದು ಎಂದು ವೈದ್ಯರು ಹೇಳಿದ ಮೇಲೆ, ಅದೇ ಊರು ಬಾಲಂಗೋಚಿಯ ಕಡೆ ಬೆರಳು ತೋರಿಸಿತು.

ಬಾಲಂಗೋಚಿ ಎಂದರೆ ಕಾಲುವೆಯ ಕಟ್ಟಕಡೆಯ ಹೊಲದವನು. ಎಲ್ಲರ ಹೊಲ ಕುಡಿದು ತೇಗಿದ ಮೇಲೆ ಉಳಿದದ್ದು ಅವನಿಗೆ, ಉಳಿದರೆ. ಹೋದ ವಾರ ನಾಲ್ಕು ಜನರ ಮುಂದೆ ನೀರುಗಂಟಿಯ ಕೊರಳಪಟ್ಟಿ ಹಿಡಿದು, "ನಿನ್ನ ತೂಬಲ್ಲೇ ನಿನ್ನ ಮುಳುಗಿಸ್ತೀನಿ ನೋಡ್ತಿರು" ಎಂದು ಕೂಗಿದ್ದ. ಈಗ ಲಾಕಪ್ಪಿನಲ್ಲಿ ಕೂತು ಟೀಗೆ ಸಕ್ಕರೆ ಕಮ್ಮಿಯಾಯಿತೆಂದು ಕೂಗುತ್ತಿದ್ದ. ಬಾಯಿಬಡುಕ, ಸಿಡುಕ. ಅವಳಿಗೆ ಅವನ ಮೇಲೂ ಗೌರವವೇನಿರಲಿಲ್ಲ. ಆದರೆ ಸಂಜೆಯೊಳಗೆ ಅವನನ್ನು ಕೊಲೆಗಾರನೆಂದು ಕೋರ್ಟಿಗೆ ಕಳಿಸಬೇಕೆಂದು ಮೇಲಿನ ಸಾಹೇಬರ ಹುಕುಂ ಆಗಿತ್ತು. ಮಾಡದ ಕೊಲೆಗೆ ಒಬ್ಬ ಮೂರ್ಖ ಜೈಲಿಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಅವನು ಮಾಡಿಲ್ಲ ಎನ್ನುವುದಕ್ಕೆ ಅವಳ ಬಳಿ ಒಂದು ಕಾರಣವಿತ್ತು. ಶವ ಸಿಕ್ಕಾಗ ಏಳನೇ ತೂಬು ಮುಚ್ಚಿತ್ತು. ಅದು ಮುಚ್ಚಿದರೆ ನೀರು ನಾಲೆಯಲ್ಲೇ ಏರಿ ನಿಂತು ಮೇಲಿನ ಕಬ್ಬಿನ ಗದ್ದೆಗಳಿಗೆ ಹೋಗುತ್ತದೆ, ಕೆಳಗಿನ ಕಾಲುವೆ ಒಣಗುತ್ತದೆ. ನೀರಿಗಾಗಿ ಕೊಲೆ ಮಾಡಿದ ಮನುಷ್ಯ, ಕೊಂದ ಮೇಲೆ ತನ್ನದೇ ನೀರು ನಿಲ್ಲಿಸಿ ಮನೆಗೆ ಹೋಗುತ್ತಾನೆಯೇ?

ಇನ್ನೊಂದು ಕಾರಣ ಜೀಪಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಗೋಣಿಚೀಲ.

"ಅಧ್ಯಕ್ಷರೇ, ನೀವು ಕಡೇ ಸಲ ನಿಮ್ಮ ಕೈಯಾರೆ ತೂಬು ಮುಚ್ಚಿದ್ದು ಯಾವಾಗ?"

ಅಧ್ಯಕ್ಷರು ನಕ್ಕರು. ಅವರ ಹಿಂದಿನ ಫೋಟೊ ಕೂಡ ನಗುತ್ತಿತ್ತು. "ನಾನಾ? ಅದಕ್ಕೆಲ್ಲ ಆಳುಗಳಿದಾರಲ್ಲ ಮೇಡಂ!"

ಅವಳಿಗೆ ಬೇಕಾಗಿದ್ದು ಅಷ್ಟೇ.

"ಹಾಗಾದ್ರೆ ಇವತ್ತು ಮುಚ್ಚಿ ತೋರಿಸಿ. ಒಬ್ಬ ಮನುಷ್ಯ ತೂಬು ಮುಚ್ಚೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಾನು ನೋಡಬೇಕು. ಈಗಲೇ ಹೋಗೋಣ."

ಹೊತ್ತಿನ ಮಾತು ಬರೀ ನೆಪ. ಹೊರಗೆ ಬರುವಾಗ ಹೆಡ್ ಕಾನ್‌ಸ್ಟೇಬಲ್ ಅವಳ ಪಕ್ಕ ಸರಿದು, ಮೀಸೆಯ ಮರೆಯಲ್ಲೇ ಕೇಳಿದ: "ಗೋಣಿಚೀಲದ ವಿಷಯಾನಾ ಮೇಡಂ?"

"ಬಾಯಿ ಮುಚ್ಚಿಕೊಂಡು ಜೀಪ್ ಹತ್ತಿ."

ಆ ಚೀಲದ ವಿಷಯ ಗೊತ್ತಿರುವುದು ತಮ್ಮಿಬ್ಬರಿಗೆ ಮಾತ್ರ ಎಂದು ಅವಳು ನಂಬಿದ್ದಳು. ಏಳನೇ ತೂಬಿನ ಬಾಗಿಲಿಗೆ ಯಾವಾಗಲೋ ಮರದ ದಿಮ್ಮಿ ಬಡಿದು ಅದರ ಕೆಳ ಅಂಚು ಸೊಟ್ಟಗಾಗಿತ್ತು. ಬಾಗಿಲು ಪೂರ್ತಿ ಇಳಿಸಿದರೂ ಎರಡೂ ಮೂಲೆಯ ಗೇಣಗಲದ ಸಂದಿಗಳಲ್ಲಿ ನೀರು ಸೋರುತ್ತಿತ್ತು. ಅದಕ್ಕೆ ಹುಲ್ಲು, ಜೇಡಿಮಣ್ಣು ತುಂಬಿದ ಗೋಣಿಚೀಲ ಮೆತ್ತಬೇಕು. ಮೆತ್ತುವುದಕ್ಕೂ ಒಂದು ಕ್ರಮವಿದೆ. ನಾಲೆಯ ಕಡೆಯಿಂದ, ತುಂಬಿದ ನೀರಿಗೆ ಇಳಿದು, ಸಂದಿಯ ಬಾಯಿಗೆ ಚೀಲ ತುರುಕಬೇಕು. ಆಮೇಲೆ ನೀರೇ ಅದನ್ನು ಒತ್ತಿ ಹಿಡಿಯುತ್ತದೆ. ಕೆಳಗಿನ ಒಣ ಕಡೆಯಿಂದ ತುರುಕಿದರೆ ನೀರು ಅದನ್ನು ಆಚೆಗೆ ಉಗುಳುತ್ತದೆ.

ನೀರುಗಂಟಿ ಸತ್ತ ಬೆಳಗ್ಗೆ ಚೀಲ ಇದ್ದದ್ದು ಒಂದೇ, ಅದೂ ಒಣ ಕಡೆಯಲ್ಲಿ. ಉಗುಳದಂತೆ ಅದಕ್ಕೆ ಕಲ್ಲುಗಳ ಆಸರೆ ಕೊಟ್ಟಿತ್ತು: ಅಡಿಗೆ ಎರಡು ಚಪ್ಪಟೆ ಕಲ್ಲು, ಮೇಲೊಂದು ಉದ್ದ ಕಲ್ಲು ಓರೆಯಾಗಿ.

ಅಂದರೆ ತೂಬು ಮುಚ್ಚಿದ್ದು ನೀರುಗಂಟಿಯಲ್ಲ. ಅವನನ್ನು ಕೊಂದವನು, ಅವನೇ ಮುಚ್ಚಿ ಜಾರಿಬಿದ್ದ ಹಾಗೆ ಕಾಣಲಿ ಎಂದು ಮುಚ್ಚಿದ್ದು. ಪಾಪ, ಎಲ್ಲವನ್ನೂ ಸರಿಯಾಗಿ ಜೋಡಿಸಿ ಹೋಗಿದ್ದ. ಹ್ಯಾಂಡಲ್ ತೊಳೆದಿಟ್ಟಿದ್ದ, ಬಾಗಿಲು ಇಳಿಸಿದ್ದ. ಜನ್ಮದಲ್ಲಿ ಒಂದು ದಿನವೂ ತೂಬು ಮೆತ್ತದ ಮಹಾನುಭಾವ ಮೆತ್ತಲು ಹೋಗಿ ಸಿಕ್ಕಿಬಿದ್ದಿದ್ದ. ಮಣ್ಣಿನ ಮಗ ಎಂದು ಫೋಟೊ ಹಾಕಿಸಿಕೊಂಡವನೇ ಇರಬೇಕು ಎಂದು ಅವಳು ಅವತ್ತೇ ತೀರ್ಮಾನಿಸಿದ್ದಳು.

ವರಾಂಡದಲ್ಲಿ ಅವಳ ಅಣ್ಣ ಕಾಯುತ್ತಿದ್ದ. ಈ ನಾಲೆಗೆ ಅವನೇ ಇಂಜಿನಿಯರ್. ಎರಡೂ ಕೈಯಲ್ಲಿ ಟೀ ಲೋಟ, ಬೂಟಿನ ಮೇಲೆ ಒಂದು ಚುಕ್ಕೆ ಕೆಸರಿಲ್ಲ.

"ಕುಡಿ ಪುಟ್ಟಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖಾನೇ ಹೇಳ್ತಿದೆ."

ಚಿಮಟವನ್ನು ಪುಟ್ಟಿ ಎಂದು ಕರೆಯುವ ಧೈರ್ಯ ಇದ್ದದ್ದು ಅವನೊಬ್ಬನಿಗೇ. ಅವಳು ಕಿರುಗಣ್ಣಿನಲ್ಲಿ ನೋಡದ ಮನುಷ್ಯನೂ ಅವನೊಬ್ಬನೇ. ಅವಳ ಮಟ್ಟಿಗೆ ಲೋಕವೆಲ್ಲ ಕಳ್ಳರು, ಪೆದ್ದರು, ಬಡಾಯಿಗಾರರು. ಅವರಾರ ಸಾಲಿಗೂ ಸೇರದವನು ಅಣ್ಣ.

ಇಬ್ಬರೂ ಬೆಳೆದದ್ದು ಬೇರೊಂದು ನಾಲೆಯ ದಂಡೆಯಲ್ಲಿ, ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ತೂಬಿನ ಕೆಲಸದವನು. ಕೈ ಎತ್ತಿ ಹೊಡೆದವನಲ್ಲ, ನಗೆಯಲ್ಲೇ ಚರ್ಮ ಸುಲಿಯುತ್ತಿದ್ದ. ಚಿಕ್ಕವನಿದ್ದಾಗ ಅಣ್ಣ ಒಮ್ಮೆ ನಾಲೆಗೆ ಬಿದ್ದ, ಅವನಿಗಿಂತ ಚಿಕ್ಕವಳಾದ ಅವಳೇ ಕೂದಲು ಹಿಡಿದು ಎಳೆದಳು. ಆಮೇಲೆ ಮನೆಗೆ ಬಂದವರಿಗೆಲ್ಲ ಅಪ್ಪನದು ಅದೇ ಕಥೆ: "ನನಗೆ ಎರಡು ಮಕ್ಕಳು. ಮಗ ಗುಂಡು, ಮಗಳು ಬೆಂಡು. ಒಂದು ಮುಳುಗುತ್ತೆ, ಒಂದು ತೇಲುತ್ತೆ." ಬಂದವರು ನಗುತ್ತಿದ್ದರು, ಅವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಣ್ಣನೂ ನಗುತ್ತಿದ್ದ ಎಂದೇ ಅವಳ ನೆನಪು.

ಆ ಗುಂಡು ಓದಿ, ಪಾಸಾಗಿ, ಇಡೀ ನಾಲೆಗೆ ಯಜಮಾನನಾಯಿತು. ಅದನ್ನು ನೋಡಲು ಅಪ್ಪ ಇರಲಿಲ್ಲ.

"ಅಧ್ಯಕ್ಷನ ಹತ್ತಿರ ಹುಷಾರು," ಎಂದ ಅಣ್ಣ ದನಿ ತಗ್ಗಿಸಿ. "ದೊಡ್ಡ ಕುಳ. ಬಾಲದವರ ನೀರೆಲ್ಲ ಅವನ ಕಬ್ಬಿಗೇ ಹೋಗ್ತಿದೆ. ನಾನು ಎಷ್ಟು ಅಂತ ತಡೀಲಿ?"

"ನೀನು ತಡೀಬೇಡ, ನಾನು ಹಿಡೀತೀನಿ. ಈಗ ಅವನ ಕೈಯಲ್ಲಿ ತೂಬು ಮುಚ್ಚಿಸ್ತೀನಿ. ನೀನೂ ಬಾ."

"ತೂಬು ಮುಚ್ಚಿಸಿ ಏನು ಮಾಡ್ತೀಯ? ನೀರುಗಂಟಿ ಮುಚ್ಚಿ ಮೇಲೆ ಹತ್ತುವಾಗ ಯಾರೋ ಹೊಡೆದಿದಾರೆ. ಅದರಲ್ಲಿ ತೂಬಿನದೇನಿದೆ?"

"ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡಬೇಕು. ಇಂಜಿನಿಯರ್ ಇಲ್ಲದೆ ತೂಬು ಮುಟ್ಟಿದ್ರೆ ಅವನು ನನಗೇ ಕಾನೂನು ಹೇಳ್ತಾನೆ. ಬಾರೋ."

ಅಣ್ಣ ಕೈಗಡಿಯಾರ ನೋಡಿದ, ಬೂಟು ನೋಡಿಕೊಂಡ, ಆಮೇಲೆ ಬಂದ. ತಂಗಿ ಕರೆದರೆ ಇಲ್ಲ ಎಂದವನಲ್ಲ.

ಏಳನೇ ತೂಬಿನ ಬಳಿ ನೀರುಗಂಟಿಯ ಹೆಂಡತಿ ಚಕ್ರಕ್ಕೆ ಒರಗಿ ನಿಂತಿದ್ದಳು. ಗಂಡನ ಕೆಲಸಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲ, ತೂಬು ತೆರೆದು ನೋಡಿಕೊಳ್ಳುತ್ತಿದ್ದವಳು ಅವಳೇ. ಸತ್ತವನ ಮನೆಯಲ್ಲಿ ಅಳುವವರು ಅಳುತ್ತಿದ್ದರೂ ಹೊಲದವರು ಬಂದು ಬಾಗಿಲು ತಟ್ಟಿ ನೀರು ಕೇಳಿದ್ದರಂತೆ. ಜನ ಎಂದರೆ ಇಷ್ಟೇ ಎಂದು ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಉಗಿದಳು.

"ನಿಮ್ಮೆಜಮಾನ್ರು ಸಾಯೋ ಮುಂಚೆ ಯಾರ ಜೊತೆಗಾದ್ರೂ ಜಗಳ ಆಡಿದ್ರಾ, ಆ ಬಾಲಂಗೋಚಿ ಬಿಟ್ಟು?"

"ಜಗಳ ಆಡೋ ಜನ ಅಲ್ಲ ಅವರು," ಎಂದಳು ಆಕೆ. ಕಣ್ಣು ಬತ್ತಿತ್ತು, ಮಾತು ಬತ್ತಿರಲಿಲ್ಲ. "ಮುಖದ ಮೇಲೇ ನಗೋ ಚಟ ಇತ್ತು, ಅಷ್ಟೇ. ಮುಂದಿನ ವಾರ ದೊಡ್ಡ ದೊಡ್ಡೋರು ನಾಲೆ ನೋಡೋಕೆ ಬರ್ತಾರಂತಲ್ಲ. ಕೊನೇ ಹೊಲದವರೆಗೂ ನೀರು ಹೋಗ್ತಿದೆ ಅಂತ ಅವರಿಗೆ ಹೇಳಿದಾರಂತೆ. ಅವರ ಬೂಟು ಬಿಚ್ಚಿಸಿ ಬಾಲದವರೆಗೂ ಒಣ ಕಾಲುವೇಲಿ ನಡೆಸ್ಕೊಂಡು ಹೋಗ್ತೀನಿ, ಆಗ ನೋಡು ಮಜಾ ಅಂತಿದ್ರು."

"ಯಾರ ಮುಂದೆ ಹೇಳಿದ್ರು?"

"ಯಾರ ಮುಂದೆ ಹೇಳಲಿಲ್ಲ ಅಂತ ಕೇಳಿ. ಸಿಕ್ಕಿದವರಿಗೆಲ್ಲ ಹೇಳಿ ನಗೋರು."

ಇನ್ಸ್‌ಪೆಕ್ಟರ್ ತಿರುಗಿ ಅಧ್ಯಕ್ಷರನ್ನು ನೋಡಿದಳು. ನೀರು ಕದ್ದವನಿಗೆ ದೊಡ್ಡವರ ಮುಂದೆ ಮಾನ ಹೋಗುವ ಭಯ. ಕೊಲೆಗೆ ಇನ್ನೇನು ಬೇಕು? ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅಧ್ಯಕ್ಷರು ಹೆಗಲು ಒರೆಸಿಕೊಳ್ಳುತ್ತಿದ್ದರು. ಅದು ಬೆವರಿಗೆ ಎಂದು ಅವಳಿಗೆ ಹೊಳೆಯಲಿಲ್ಲ.

ಸುದ್ದಿ ಹಬ್ಬಿ ದಂಡೆಯ ಮೇಲೆ ಜನ ಸೇರಿದ್ದರು. ಎಡಕ್ಕೆ ನಾಲೆ ಕೆಂಪಗೆ ತುಂಬಿ ನಿಂತಿತ್ತು, ಎದೆಮಟ್ಟದ ನೀರು. ಬಲಕ್ಕೆ, ಬಾಗಿಲಿನ ಕೆಳಗೆ, ಕಲ್ಲು ಹಾಸಿದ ಗುಂಡಿ. ಅಲ್ಲಿಂದ ಹೊರಟ ಕಾಲುವೆ ಕಬ್ಬನ್ನು ದಾಟಿ, ಟೊಮೆಟೊ ದಾಟಿ, ದೂರದಲ್ಲಿ ಎಲೆ ಸುರುಟಿಕೊಂಡ ಮೆಕ್ಕೆಜೋಳದ ಕಡೆಗೆ ಹೋಗುತ್ತಿತ್ತು. ಮೇಲಿನ ಕಬ್ಬಿನ ಗದ್ದೆಯಲ್ಲಿ ಬುಡ ಕೊಳೆಯುವಷ್ಟು ನೀರು ನಿಂತು ಸೊಳ್ಳೆ ಏಳುತ್ತಿತ್ತು. ಕುಡಿಯುವುದು ಗೊತ್ತಿಲ್ಲ, ಬಿಡುವುದೂ ಗೊತ್ತಿಲ್ಲ. ಹೊಳೆಗೆ ಹಾಕಿದರೂ ಅಳೆದು ಹಾಕು ಎಂದ ಹಿರಿಯರು ಇವರ ಗದ್ದೆ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

"ಶುರು ಮಾಡಿ ಅಧ್ಯಕ್ಷರೇ. ಮೊದಲು ಬಾಗಿಲು ಇಳಿಸಿ, ಆಮೇಲೆ ಸೋರೋ ಸಂದಿಗೆ ಗೋಣಿಚೀಲ ಮೆತ್ತಿ."

ನೀರುಗಂಟಿಯ ಹೆಂಡತಿ ಎರಡು ಚೀಲಗಳಿಗೆ ಹುಲ್ಲು, ಮಣ್ಣು ತುಂಬಿ ತಂದಿಟ್ಟಳು. ಅಧ್ಯಕ್ಷರು ಚೀಲ ನೋಡಿದರು, ಜನರನ್ನು ನೋಡಿದರು.

"ಮೇಡಂ, ನನ್ನ ಸ್ಥಾನಮಾನ ಅಂತ ಒಂದಿದೆ."

"ಇರಲಿ, ದಂಡೆ ಮೇಲೆ ಬಿಚ್ಚಿಡಿ. ಯಾರೂ ಎತ್ತಿಕೊಂಡು ಹೋಗಲ್ಲ."

ಜನ ಗೊಳ್ಳೆಂದು ನಕ್ಕರು. ಅಣ್ಣನೂ ಬಾಯಿಗೆ ಕೈ ಅಡ್ಡ ಹಿಡಿದ. ಅಧ್ಯಕ್ಷರ ಮುಖ ಕೆಂಪಾಯಿತು, ಆದರೆ ಅವರು ಹೊರಟು ಹೋಗಲಿಲ್ಲ. ಹ್ಯಾಂಡಲ್ ಸಿಕ್ಕಿಸಿ ಏದುಸಿರು ಬಿಡುತ್ತ ಚಕ್ರ ತಿರುಗಿಸಿದರು. ಬಾಗಿಲು ಕಿರುಗುಟ್ಟುತ್ತ ಇಳಿಯಿತು. ಅಡಿಯ ಎರಡೂ ಮೂಲೆಗಳಿಂದ ನೀರು ಚಿಮ್ಮಿ ಗುಂಡಿಗೆ ಬೀಳತೊಡಗಿತು.

ಈಗ ಒಣ ಕಡೆಗೆ ಇಳಿಯುತ್ತಾನೆ ನೋಡು, ಎಂದು ಅವಳು ಕಣ್ಣಲ್ಲೇ ಹೆಡ್ ಕಾನ್‌ಸ್ಟೇಬಲ್‌ಗೆ ಹೇಳಿದಳು.

ಅಧ್ಯಕ್ಷರು ಚಪ್ಪಲಿ ಬಿಟ್ಟರು. ಅಂಗಿ ಕಳಚಿ ಮಡಿಸಿ ದಂಡೆಯ ಮೇಲಿಟ್ಟರು. ಪ್ಯಾಂಟು ಮೊಣಕಾಲಿಗೆ ಏರಿಸಿ, ಒಂದು ಚೀಲ ಎದೆಗೆ ಅವಚಿಕೊಂಡು, ಸೀದಾ ನಾಲೆಗೆ ಇಳಿದರು.

ಮೂಗು ಹಿಡಿದು ಮುಳುಗಿದರು. ನೀರಿನ ಮೇಲೆ ಒಂದು ಕ್ಷಣ ಬೆನ್ನು ಕಂಡಿತು, ಆಮೇಲೆ ಅದೂ ಇಲ್ಲ. ಒಳಗೆ ಕಾಲಿನಿಂದ ಒದ್ದ ಸದ್ದು ಬಾಗಿಲಿನ ಕಬ್ಬಿಣದಲ್ಲಿ ಕೇಳಿತು. ಗುಳಕ್ ಎಂದು ಸಂದಿ ಚೀಲವನ್ನು ಎಳೆದುಕೊಂಡಿತು. ಬಲಮೂಲೆಯ ಸೋರಿಕೆ ಕೊರಳು ಹಿಸುಕಿದ ಹಾಗೆ ನಿಂತುಹೋಯಿತು.

ಇನ್ಸ್‌ಪೆಕ್ಟರ್ ಬಗ್ಗಿ ಆ ಮೂಲೆಯನ್ನು ಮತ್ತೊಮ್ಮೆ ನೋಡಿದಳು.

ಅಧ್ಯಕ್ಷರು ಕೆಮ್ಮುತ್ತ ಮೇಲೆ ಬಂದರು. ಕೂದಲಿಂದ ನೀರು ಸುರಿಯುತ್ತಿತ್ತು. ಈ ವೇಷದಲ್ಲಿ ಮೊದಲ ಸಲ ಅವರು ಮನುಷ್ಯರ ಹಾಗೆ ಕಂಡರು.

"ಏನು ಮೇಡಂ, ಮುಖ ಸಪ್ಪಗಾಯ್ತು?" ಎಂದರು ನೀರಲ್ಲೇ ನಿಂತು. "ನಾನು ಒಣ ಕಡೆ ಇಳೀತೀನಿ ಅಂದ್ಕೊಂಡ್ರಾ? ಅವತ್ತು ಬೆಳಗ್ಗೆ ನಾನೂ ಬಂದಿದ್ದೆ. ತೂಬಿನ ಬೆನ್ನಿಗೆ ಮೆತ್ತಿದ ಚೀಲ ನಾನೂ ನೋಡಿದೆ. ನೀವು ಅದನ್ನ ಸುತ್ತಿಕೊಂಡು ಹೋಗಿದ್ದೂ ನೋಡಿದೆ. ಇದು ಯಾರೋ ಕೈಲಾಗದವನ ಕೆಲಸ ಅಂದ್ಕೊಂಡೆ. ಆ ಕೈಲಾಗದವನು ನಾನೇ ಅಂತ ನೀವು ಲೆಕ್ಕ ಹಾಕಿದೀರ ಅಂತ ಗೊತ್ತಿರಲಿಲ್ಲ."

"ಆಳುಗಳಿದಾರೆ ಅಂದ್ರಲ್ಲ?"

"ಈಗ ಇದಾರೆ. ಮೊದಲು ನಾನೇ ಆಳು. ಫೋಟೊ ನೋಡಿ ಮನುಷ್ಯನ್ನ ಅಳೆದರೆ ಹೀಗೇ ಆಗೋದು. ನೀರು ಕದೀತೀನಿ, ಹೌದು. ಸರದಿ ಮುರೀತೀನಿ, ಅದೂ ಹೌದು. ಬೇಕಾದ್ರೆ ಬರಕೊಳ್ಳಿ. ಆದ್ರೆ ತೂಬು ಮೆತ್ತೋಕೆ ಬರಲ್ಲ ಅಂತ ಮಾತ್ರ ಹೇಳಬೇಡಿ. ಆ ಅವಮಾನ ನನ್ನ ಶತ್ರುಗೂ ಬೇಡ."

ಜನ ಮತ್ತೆ ನಕ್ಕರು. ಈ ಸಲ ನಕ್ಕಿದ್ದು ಅವಳನ್ನು ನೋಡಿ. ಪಕ್ಕದವನ ತಟ್ಟೆಯ ನೊಣ ಎಣಿಸುವುದರಲ್ಲೇ ಆಯುಷ್ಯ ಕಳೆದವಳಿಗೆ ಆ ನಗು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವಳಿಗೆ ಸಿಟ್ಟು ಬಂತು, ಅಧ್ಯಕ್ಷರ ಮೇಲಲ್ಲ, ತನ್ನ ಮೇಲೆ. ಒಬ್ಬನನ್ನು ಕಂಡರಾಗುವುದಿಲ್ಲ ಎನ್ನುವುದನ್ನೇ ಸಾಕ್ಷಿ ಎಂದು ನಂಬಿಕೊಂಡು ಎರಡು ದಿನ ಹಾಳು ಮಾಡಿದ್ದಳು. ಸಂಜೆ ಹತ್ತಿರವಾಗುತ್ತಿತ್ತು, ಲಾಕಪ್ಪಿನಲ್ಲಿ ಆ ಬಾಯಿಬಡುಕ ಇನ್ನೂ ಇದ್ದ, ಅವಳ ಕೈ ಖಾಲಿ.

"ಎಡಗಡೆ ಇನ್ನೂ ಸೋರ್ತಿದೆ," ಎಂದಳು ನೀರುಗಂಟಿಯ ಹೆಂಡತಿ. ಅವಳಿಗೆ ಇವರ ನಗು, ಸಿಟ್ಟು ಯಾವುದೂ ಬೇಕಿರಲಿಲ್ಲ.

ಅಧ್ಯಕ್ಷರು ಗೆದ್ದ ಹುಂಜದ ಹಾಗೆ ಕತ್ತು ಎತ್ತಿದರು. "ಅದು ಇಂಜಿನಿಯರ್ ಸಾಹೇಬ್ರ ಪಾಲು. ಹೊಸ ಬಾಗಿಲು ಹಾಕಿಸ್ತೀನಿ, ಹಾಕಿಸ್ತೀನಿ ಅಂತ ಎಷ್ಟು ಬೆಳೆ ಕಳೆದವು? ಬನ್ನಿ ಸಾಹೇಬ್ರೇ, ಇಳೀರಿ. ನೀರು ಕಚ್ಚಲ್ಲ."

"ಬಿಡ್ರೀ, ತಮಾಷೆ ಸಾಕು," ಎಂದ ಅಣ್ಣ.

"ಬೂಟು ನೆನೆಯುತ್ತೆ ಪಾಪ," ಎಂದಿತು ಗುಂಪಿನಿಂದ ಒಂದು ದನಿ. ಇನ್ನೊಂದು ಸುತ್ತು ನಗು ಎದ್ದಿತು.

ಅಣ್ಣನ ಮುಖದ ಮೇಲೆ ಏನೋ ಬಿಗಿಯಿತು. ಅವನು ಉಳಿದಿದ್ದ ಚೀಲ ಎತ್ತಿಕೊಂಡ. "ಇಷ್ಟಕ್ಕೆ ನೀರಿಗೆ ಯಾಕೆ ಇಳೀಬೇಕು?" ಎಂದವನೇ ದಂಡೆ ಬಳಸಿ ಬಲಗಡೆಯ ಮೆಟ್ಟಿಲುಗಳನ್ನು ಇಳಿದ.

ಒಣ ಕಡೆಗೆ.

ಅವಳು ಮೊದಲು ನೋಡಿದ್ದು ಅವನ ಬೂಟನ್ನು. ಗುಂಡಿಯಲ್ಲಿ ನೀರಿಲ್ಲದ ಕಲ್ಲು ಆರಿಸಿ ಆರಿಸಿ ಕಾಲಿಡುತ್ತಿದ್ದ. ಬಾಗಿಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಿಮ್ಮುವ ನೀರಿಗೆ ಮುಖ ತಿರುವಿಕೊಂಡು, ಸಂದಿಗೆ ಚೀಲ ತುರುಕಿದ. ನೀರು ಅದನ್ನು ಉಗುಳಿತು. ಮತ್ತೆ ತುರುಕಿದ. ಮೊಣಕಾಲಿನಿಂದ ಒತ್ತಿ ಹಿಡಿದು, ಸುತ್ತ ತಡಕಾಡಿ, ಒಂದು ಚಪ್ಪಟೆ ಕಲ್ಲು ಎಳೆದು ಅಡಿಗೆ ಇಟ್ಟ. ಅದರ ಪಕ್ಕ ಇನ್ನೊಂದು.

ದಂಡೆಯ ಮೇಲೆ ಯಾರೋ ಏನೋ ಹೇಳಿದರು, ಯಾರೋ ನಕ್ಕರು. ಅವಳಿಗೆ ಯಾವುದೂ ಕೇಳಿಸಲಿಲ್ಲ. ಕೇಳಿಸಿದ್ದು ಅಪ್ಪನ ದನಿ.

ನಾಲೆಗೆ ಬಿದ್ದ ಮೇಲೆ ಅಣ್ಣ ಮತ್ತೆ ನೀರಿಗೆ ಇಳಿದವನೇ ಅಲ್ಲ. ಅಪ್ಪ ತೂಬು ಮೆತ್ತಲು ಹೇಳಿದರೆ ಯಾವಾಗಲೂ ಒಣ ಕಡೆಯಿಂದಲೇ ಮೆತ್ತುತ್ತಿದ್ದ, ಚೀಲ ಬೀಳದಂತೆ ಕಲ್ಲು ಕೊಡುತ್ತಿದ್ದ. ಅಪ್ಪ ಅದಕ್ಕೊಂದು ಹೆಸರಿಟ್ಟಿದ್ದ: ಕುಂಟನ ಊರುಗೋಲು. ನೆರೆಹೊರೆಯವರನ್ನು ಕರೆದು ತೋರಿಸುತ್ತಿದ್ದ. ಅವಳೂ ಅಪ್ಪನ ಪಕ್ಕ ನಿಂತು ಆ ಹೆಸರನ್ನು ಕೂಗಿ ಕೂಗಿ ಹೇಳುತ್ತ ನಗುತ್ತಿದ್ದಳು.

ಮೊನ್ನೆ ಬೆಳಗ್ಗೆ ಆ ಕಲ್ಲುಗಳನ್ನು ಕಂಡಾಗ ಇದೆಲ್ಲ ಯಾಕೆ ನೆನಪಾಗಲಿಲ್ಲ? ನೆನಪಾಗಲಿಲ್ಲ, ಯಾಕೆಂದರೆ ಅವಳು ಆಗಲೇ ಅಧ್ಯಕ್ಷರನ್ನು ಕಂಡು ಹೇಸಿಕೊಳ್ಳುವುದರಲ್ಲಿ ತಲ್ಲೀನಳಾಗಿದ್ದಳು. ಕೊನೇ ಹೊಲದವರೆಗೂ ನೀರು ಹೋಗುತ್ತಿದೆ ಎಂದು ದೊಡ್ಡವರಿಗೆ ಹೇಳಬೇಕಾದವನು ಅಧ್ಯಕ್ಷನಲ್ಲ, ಇಂಜಿನಿಯರ್ ಎಂಬುದೂ ಈಗಷ್ಟೇ ಹೊಳೆಯಿತು.

"ಪುಟ್ಟೀ," ಎಂದು ಕೆಳಗಿನಿಂದ ಅಣ್ಣ ಕೂಗಿದ. "ನಿನ್ನ ಕಾಲ ಹತ್ತಿರ ಒಂದು ಉದ್ದ ಕಲ್ಲಿದೆ ನೋಡು. ಕೊಡು ಇಲ್ಲಿ."

ಕಲ್ಲು ಅವಳ ಕಾಲ ಬಳಿಯೇ ಇತ್ತು. ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್ ನಿಂತಿದ್ದ. ಅವನ ಕಣ್ಣು ಗುಂಡಿಯ ಚಪ್ಪಟೆ ಕಲ್ಲುಗಳಿಂದ ಅವಳ ಮುಖಕ್ಕೆ, ಮುಖದಿಂದ ಮತ್ತೆ ಕಲ್ಲಿಗೆ ಓಡಾಡುತ್ತಿತ್ತು.

"ನಾನು ಕೊಡ್ಲಾ ಮೇಡಂ?" ಎಂದ ಮೆಲ್ಲಗೆ.

"ಬೇಡ."

ಅವಳೇ ಕಲ್ಲು ಎತ್ತಿಕೊಂಡು ಮೆಟ್ಟಿಲು ಇಳಿದಳು. ಅಣ್ಣ ಕೈಚಾಚಿ ತೆಗೆದುಕೊಂಡ. ಎರಡು ಚಪ್ಪಟೆ ಕಲ್ಲಿನ ಮೇಲೆ ಅದನ್ನು ಓರೆಯಾಗಿ ನಿಲ್ಲಿಸಿ ಹಿಮ್ಮಡಿಯಿಂದ ಒಮ್ಮೆ ಒದ್ದ. ಚೀಲ ನಿಂತಿತು. ಮೊನ್ನೆ ಹೇಗಿತ್ತೋ ಹಾಗೇ, ಅದೇ ಓರೆ.

"ಹೇಗಿದೆ?" ಎಂದು ನಕ್ಕ, ಕೈ ಕೊಡವಿಕೊಳ್ಳುತ್ತ.

ಅಷ್ಟರಲ್ಲಿ ಅವಳ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮೇಲಿನ ಸಾಹೇಬರು. ಕಿವಿಗೆ ಹಿಡಿದದ್ದೇ ತಡ, "ಏನಮ್ಮಾ, ವ್ಯಾನು ನಿಂತಿದೆ. ಆ ಬಾಲಂಗೋಚಿಯನ್ನ ಹತ್ತಿಸಲಾ? ಇಲ್ಲ, ಬೇರೆ ಯಾರಾದ್ರೂ ಸಿಕ್ಕಿದ್ರಾ?"

"ಒಂದು ನಿಮಿಷ ಸರ್," ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಅಣ್ಣನಿಗೆ ಸಿಕ್ಕಿತು. ಅವನು ಅವಳ ಮುಖ ನೋಡಿದ. ಅವಳು ನೋಡುತ್ತಿದ್ದ ಕಲ್ಲುಗಳನ್ನು ನೋಡಿದ. ಮೇಲೆ ದಂಡೆಯಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ. ನಗು ಅವನ ಮುಖದಿಂದ ಒಂದೇ ಸಲ ಹೋಗಲಿಲ್ಲ, ತುಟಿಯಲ್ಲಿ ಉಳಿದು ಕಣ್ಣಿನಿಂದ ಮೊದಲು ಹೋಯಿತು.

ಬಗ್ಗಿ ಉದ್ದ ಕಲ್ಲನ್ನು ಕಿತ್ತ. ಚಪ್ಪಟೆ ಕಲ್ಲುಗಳನ್ನು ಒಂದಾದ ಮೇಲೊಂದು ದೂರ ಸರಿಸಿದ. ನೀರು ಚೀಲವನ್ನು ಉಗುಳಿ ಅವನ ಬೂಟಿನ ಮೇಲೆ ಹರಿಯಿತು. ಅವನು ಕಾಲು ಹಿಂದಕ್ಕೆ ತೆಗೆಯಲಿಲ್ಲ.

"ಆ ನೀರುಗಂಟೀನೂ ಅಪ್ಪನ ಹಾಗೇ ನಕ್ಕ ಕಣೇ ಪುಟ್ಟಿ," ಎಂದ, ನೀರಿನ ಸದ್ದಿನಲ್ಲಿ ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ನೀನು ನಗ್ತಿದ್ದೆಯಲ್ಲ, ಹಾಗೇ."

ಫೋನಿನಲ್ಲಿ ಸಾಹೇಬರ ತಾಳ್ಮೆ ಮುಗಿದಿತ್ತು. "ಹೂಂ ಅನ್ನು, ಇಲ್ಲ ಊಹೂಂ ಅನ್ನು. ಹತ್ತಿಸಲೇನಮ್ಮಾ ಅವನನ್ನ?"